ಪುಣೆಯಿಂದ ಬೈಕ್‌ನಲ್ಲಿ ಘಟ್ಟದ ತಿರುವುಗಳಿಗೆ: ಯಾವಾಗ, ಯಾವ ದಾರಿ, ಹೇಗೆ

ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಬಂದ ಕನ್ನಡದವರು ಆರು ತಿಂಗಳೊಳಗೆ ಕೇಳುವ ಪ್ರಶ್ನೆ ಒಂದೇ. "ಬೆಂಗಳೂರಲ್ಲಿದ್ದಾಗ ಸಕಲೇಶಪುರ, ಚಿಕ್ಕಮಗಳೂರು ಅಂತ ಹೋಗ್ತಿದ್ವಿ. ಇಲ್ಲಿ ಅಂಥ ತಿರುವಿನ ರಸ್ತೆ ಯಾವುದಿದೆ?" ವಿಜಯಪುರ, ಕಲಬುರಗಿ ಕಡೆಯಿಂದ ಬಂದವರದ್ದು ಇನ್ನೂ ನೇರ ಪ್ರಶ್ನೆ: "ಘಟ್ಟದಾಗ ಗಾಡಿ ಓಡಿಸಿಲ್ಲ, ಎಲ್ಲಿಂದ ಶುರು ಮಾಡ್ಬೇಕು?" ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಒಂದು ವಿಷಯದಲ್ಲಿ ನಾವು ಅದೃಷ್ಟವಂತರು. ಬೆಂಗಳೂರಿನಿಂದ ಸಕಲೇಶಪುರ ಮುಟ್ಟಲು 220 ಕಿ.ಮೀ. ಹೆದ್ದಾರಿ ಸವೆಸಬೇಕು. ಪುಣೆಯಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಹೋದರೆ ಸಹ್ಯಾದ್ರಿಯ ಅಂಚು ಸಿಗುತ್ತದೆ. ಅಲ್ಲಿಂದ ರಸ್ತೆ ಕೊಂಕಣಕ್ಕೆ ಇಳಿಯುತ್ತದೆ. ಹಾಗಾಗಿ ರಸ್ತೆ ಹುಡುಕುವುದು ಇಲ್ಲಿ ದೊಡ್ಡ ಕೆಲಸವೇ ಅಲ್ಲ. ಯಾವ ತಿಂಗಳು, ಯಾವ ವಾರ, ಎಷ್ಟು ಗಂಟೆಗೆ ಘಟ್ಟದ ಬಾಯಲ್ಲಿ ಇರುತ್ತೀರಿ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಸ್ವರ್ಗದಂತಿರುವ ತಾಮ್ಹಿಣಿ ಘಟ್ಟ, ಜುಲೈ ತಿಂಗಳ ಭಾನುವಾರ ಮಧ್ಯಾಹ್ನ ಕಾರ್ ಪಾರ್ಕಿಂಗ್ ಜಾಗವಾಗಿರುತ್ತದೆ. ಆದ್ದರಿಂದ ದಾರಿಗಿಂತ ಮೊದಲು ಕಾಲದ ಮಾತು.

1. ಮೊದಲು ಕಾಲ ಗೊತ್ತು ಮಾಡಿಕೊಳ್ಳಿ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ಹೋಗಿ. ಮಳೆ ಕಡಿಮೆಯಾಗಿರುತ್ತದೆ, ಹಸಿರು ಇನ್ನೂ ಇರುತ್ತದೆ, ಕೆಲವು ಝರಿಗಳೂ ಹರಿಯುತ್ತಿರುತ್ತವೆ. ನವೆಂಬರ್ 1ಕ್ಕೆ ಇಲ್ಲಿ ರಜೆ ಇಲ್ಲ, ಗೊತ್ತಲ್ವಾ? ಅವತ್ತೊಂದು ಸಿ.ಎಲ್. ಹಾಕಿ. ಬೆಳಿಗ್ಗೆ ಘಟ್ಟ, ಸಂಜೆ ರಾಜ್ಯೋತ್ಸವ.

ಡಿಸೆಂಬರ್, ಜನವರಿಯಲ್ಲೂ ಚೆನ್ನಾಗಿರುತ್ತದೆ. ಆದರೆ ಬೆಳಗಿನ ಚಳಿಗೆ ಬೆರಳು ಮರಗಟ್ಟುತ್ತವೆ, ಕೆರೆ ದಂಡೆಯ ರಸ್ತೆಗಳಲ್ಲಿ ಮಂಜು ಕೂತಿರುತ್ತದೆ. ಇದೇ ಹೊತ್ತಿಗೆ ಕಬ್ಬಿನ ಹಂಗಾಮು. ಭೋರ್, ವಾಯಿ, ಸಾತಾರಾ ಕಡೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ದೀಪವೂ ಇಲ್ಲದೆ ಓಡುತ್ತವೆ. ಬೆಳಗಾವಿ, ಬಾಗಲಕೋಟೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಟ್ಟ ಬೋಳು, ಘಟ್ಟದ ಕೆಳಗೆ ಬೆವರು. ಹೋಗಲೇಬೇಕೆಂದರೆ ಹತ್ತು ಗಂಟೆಗೆ ವಾಪಸ್ ಮೇಲೆ ಬಂದುಬಿಡಿ.

ಇನ್ನು ಮಳೆಗಾಲ. ಎಲ್ಲರಿಗೂ ಆಸೆ ಅದೇ, ಅಪಾಯವೂ ಅಲ್ಲೇ. ಮೂರು ದಿನಾಂಕ ನೋಡಿ. ಆಂಬೇಗಾವ್ ತಾಲೂಕಿನ ಮಾಳಿಣ ಊರಿನ ಮೇಲೆ ಗುಡ್ಡ ಕುಸಿದದ್ದು 2014ರ ಜುಲೈ 30ರಂದು. ಮಹಾಡ್ ತಾಲೂಕಿನ ತಳಿಯೆಯಲ್ಲಿ ಕುಸಿದದ್ದು 2021ರ ಜುಲೈ 22ರಂದು. ಖಾಲಾಪುರದ ಇರ್ಶಾಳವಾಡಿಯಲ್ಲಿ 2023ರ ಜುಲೈ 19ರ ರಾತ್ರಿ. ಮೂರೂ ಜುಲೈ ತಿಂಗಳ ದ್ವಿತೀಯಾರ್ಧದಲ್ಲೇ. ಒಂದೂವರೆ ತಿಂಗಳ ಮಳೆಗೆ ಬಂಡೆಯ ಮೇಲಿನ ಮಣ್ಣು ನೀರು ಕುಡಿದು ತೂಕವಾಗಿರುತ್ತದೆ. ಅದರ ಮೇಲೆ ಎರಡು ದಿನ ಜೋರು ಮಳೆ ಬಂದರೆ ಜಾರುತ್ತದೆ. ಆ ಹದಿನೈದು ದಿನ ನಾನು ಕೊಂಕಣಕ್ಕೆ ಇಳಿಯುವ ಯಾವ ಘಟ್ಟಕ್ಕೂ ಹೋಗುವುದಿಲ್ಲ. ನೀವೂ ಹೋಗಬೇಡಿ ಅನ್ನುತ್ತೇನೆ.

ಮಳೆಯಲ್ಲಿ ಹೊರಡುವ ಮುಂಚೆ ಎರಡು ಕೆಲಸ ಮಾಡಿ. ಹವಾಮಾನ ಇಲಾಖೆ ಪುಣೆ, ಸಾತಾರಾ, ರಾಯಗಡ ಜಿಲ್ಲೆಗಳಿಗೆ ಯಾವ ಬಣ್ಣದ ಎಚ್ಚರಿಕೆ ಕೊಟ್ಟಿದೆ ನೋಡಿ. ಪುಣೆ ಜಿಲ್ಲೆಯ ಮುನ್ಸೂಚನೆಯಲ್ಲಿ "ಘಾಟ್" ಭಾಗವನ್ನು ಬೇರೆಯಾಗಿ ಕೊಡುತ್ತಾರೆ, ನಿಮಗೆ ಬೇಕಾದದ್ದು ಅದು. ನಗರದಲ್ಲಿ ತುಂತುರು ಇದ್ದಾಗ ತಾಮ್ಹಿಣಿಯಲ್ಲಿ ಆಕಾಶ ಹರಿದು ಬೀಳುತ್ತಿರಬಹುದು. ಎರಡನೆಯದು, ಜಿಲ್ಲಾಧಿಕಾರಿಯ ನಿಷೇಧಾಜ್ಞೆ ಇದೆಯೇ ಎಂದು ಮರಾಠಿ ಪತ್ರಿಕೆಯಲ್ಲಿ ನೋಡಿ. ಆರೆಂಜ್, ರೆಡ್ ಇದ್ದಾಗ ಜಲಪಾತ, ಘಟ್ಟಗಳಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ವರಂಧಾ ಘಟ್ಟವನ್ನಂತೂ ಮಳೆಗಾಲದಲ್ಲಿ ಆಗಾಗ ಮುಚ್ಚುತ್ತಾರೆ.

2. ನಿಮ್ಮ ಕೈಗೆ ತಕ್ಕ ದಾರಿ ಆರಿಸಿ

ಸುಲಭದಿಂದ ಕಷ್ಟಕ್ಕೆ ನಾಲ್ಕು ಸುತ್ತು ಹೇಳುತ್ತೇನೆ. ದೂರಗಳು ಸುಮಾರು, ನೀವು ಪುಣೆಯಲ್ಲಿ ಎಲ್ಲಿಂದ ಹೊರಡುತ್ತೀರಿ ಅನ್ನುವುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಸರಾಸರಿ ಹಿಡಿದು ಲೆಕ್ಕ ಹಾಕಿ. ಫೋನಿನ ನಕಾಶೆ ತೋರಿಸುವ ಸಮಯವನ್ನು ನಂಬಬೇಡಿ.

*ಬೋಪದೇವ್ ಸುತ್ತು, ಸುಮಾರು 100 ಕಿ.ಮೀ.* ಕೊಂಢವಾದಿಂದ ಬೋಪದೇವ್ ಘಟ್ಟ ಹತ್ತಿ ಸಾಸವಡ. ಅಲ್ಲಿಂದ ನಾರಾಯಣಪುರದ ಮೇಲೆ, ಪುರಂದರ ಕೋಟೆಯ ಕಾಲಬುಡದಲ್ಲಿ ಹಾದು ಕಾಪೂರಹೋಳ. ಅಲ್ಲಿ ಸಾತಾರಾ ಹೆದ್ದಾರಿ ಸೇರಿ, ಹಳೆ ಕಾತ್ರಜ್ ಘಟ್ಟದ ಮೇಲೆ ಪುಣೆಗೆ ಇಳಿಯಿರಿ. ಮೊದಲ ಸಲ ಘಟ್ಟ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ತಿರುವುಗಳಿವೆ, ಪ್ರಪಾತದ ಹೆದರಿಕೆ ಕಡಿಮೆ, ಊರುಗಳು ಹತ್ತಿರ ಹತ್ತಿರ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಹತ್ತಕ್ಕೆ ಮನೆಯಲ್ಲಿ ತಿಂಡಿ. ಕತ್ತಲಾದ ಮೇಲೆ ಬೋಪದೇವ್‌ನಲ್ಲಿ ಗಾಡಿ ನಿಲ್ಲಿಸಿ ಕೂರಬೇಡಿ, ಜಾಗ ನಿರ್ಜನ.

ಸಾಸವಡಕ್ಕೆ ಹೋಗುವ ಇನ್ನೊಂದು ದಾರಿ ದಿವೇ ಘಟ್ಟ. ಲಾರಿ ಜಾಸ್ತಿ, ನನಗೆ ಇಷ್ಟವಿಲ್ಲ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವುದು ಅದೇ ಘಟ್ಟದ ಮೇಲೆ. ಆ ದಿನಗಳಲ್ಲಿ ನಡೆದು ಹೋಗುವುದಾದರೆ ಹೋಗಿ, ಬೈಕ್‌ನಲ್ಲಿ ಬೇಡ.

*ಪಾಬೇ ಘಟ್ಟದ ಸುತ್ತು, ಸುಮಾರು 120 ಕಿ.ಮೀ.* ನಿಜವಾದ ಒಳದಾರಿ ಅಂದರೆ ಇದು. ಖಡಕವಾಸಲಾ ಕೆರೆ ದಂಡೆಯಲ್ಲಿ ಪಾನಶೇತ್ ರಸ್ತೆ ಹಿಡಿದು ಖಾನಾಪುರದ ಬಳಿ ಎಡಕ್ಕೆ ತಿರುಗಿ. (ಇದು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ಅಲ್ಲ. ಫೋನ್‌ಗೆ ಸುಮ್ನೆ ಖಾನಾಪುರ ಅಂತ ಹೇಳಿದರೆ ಎಲ್ಲೆಲ್ಲಿಗೋ ದಾರಿ ತೋರಿಸುತ್ತದೆ.) ರಾಂಜಣೆ ಊರು ದಾಟಿ ಪಾಬೇ ಘಟ್ಟ. ಆಚೆ ಇಳಿದರೆ ತೋರಣಾ ಕೋಟೆಯ ಕೆಳಗಿನ ವೆಲ್ಹೆ. ವಾಪಸ್ ಮಾರ್ಗಾಸನಿ, ನಸರಾಪುರದ ಮೇಲೆ ಹೆದ್ದಾರಿಗೆ. ಘಟ್ಟ ಚಿಕ್ಕದು, ಆದರೆ ಕಡಿದು. ತಿರುವುಗಳು ಒಂದರ ಬೆನ್ನಿಗೆ ಒಂದು. ಭಾನುವಾರ ಎಂಟು ಗಂಟೆ ಮೇಲೆ ಖಡಕವಾಸಲಾ ದಂಡೆ ಪೂರ್ತಿ ಜಾಮ್, ಅಷ್ಟರೊಳಗೆ ದಾಟಿರಿ.

*ತಾಮ್ಹಿಣಿ, ಮಾಣಗಾವ್‌ವರೆಗೆ ಹೋಗಿ ಬಂದರೆ ಸುಮಾರು 210 ಕಿ.ಮೀ.* ಚಾಂದನಿ ಚೌಕ, ಪಿರಂಗುಟ್, ಪೌಡ್, ಮುಳಶಿ ಕೆರೆ, ಆಮೇಲೆ ಘಟ್ಟ. ಕೆರೆ ದಂಡೆಯ ರಸ್ತೆ ನೀರಿನ ಅಂಚಿಗೇ ಬಳುಕುತ್ತಾ ಹೋಗುತ್ತದೆ. ಈ ನೀರು ಟಾಟಾ ಕಂಪನಿ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟಿನದು. ಮುಳುಗಡೆಯಾಗುವ ಜಮೀನಿಗಾಗಿ 1921ರಲ್ಲಿ ರೈತರು ಸೇನಾಪತಿ ಬಾಪಟ್ ಅವರ ಮುಂದಾಳುತನದಲ್ಲಿ ಸತ್ಯಾಗ್ರಹ ಮಾಡಿದ್ದರು. ತಾಮ್ಹಿಣಿ ಘಟ್ಟ ಉದ್ದ, ತಿರುವುಗಳು ಸೌಮ್ಯ, ರಸ್ತೆ ಅಗಲ. ಹಾಗಾಗಿಯೇ ಜನ ಇಲ್ಲಿ ಬೇಗ ಬೀಳುತ್ತಾರೆ. ಸಲೀಸಾಗಿದೆ ಅಂತ ವೇಗ ಏರಿಸುತ್ತಾರೆ, ಒಂದು ತಿರುವು ಮಾತ್ರ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಮಡಚಿಕೊಂಡಿರುತ್ತದೆ. ಪೂರ್ತಿ ಇಳಿಯಬೇಕೆಂದೇನಿಲ್ಲ. ಘಟ್ಟದ ನೆತ್ತಿಯವರೆಗೆ ಹೋಗಿ ಕಣಿವೆ ನೋಡಿ ವಾಪಸ್ ಬಂದರೂ ದಿನ ಸಾರ್ಥಕ.

*ಭೋರ್, ಮಹಾಬಳೇಶ್ವರ, ವರಂಧಾ ಸುತ್ತು, ಸುಮಾರು 320 ಕಿ.ಮೀ., ಎರಡು ದಿನ.* ನನಗೆ ಒಂದೇ ದಾರಿ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ. ಕಾಪೂರಹೋಳದಲ್ಲಿ ಹೆದ್ದಾರಿ ಬಿಟ್ಟು ಭೋರ್. ಅಲ್ಲಿಂದ ಮಾಂಢರದೇವಿ ಗುಡ್ಡ ಹತ್ತಿ ವಾಯಿಗೆ ಇಳಿಯಿರಿ. ಪಸರಣಿ ಘಟ್ಟ ಹತ್ತಿ ಪಂಚಗಣಿ, ಮಹಾಬಳೇಶ್ವರ. ರಾತ್ರಿ ಅಲ್ಲೇ ಉಳಿಯಿರಿ. ಮರುದಿನ ಬೆಳಿಗ್ಗೆ ಆಂಬೇನಳಿ ಘಟ್ಟ ಇಳಿದು ಪೋಲಾದಪುರ, ಮಹಾಡ್, ಮತ್ತೆ ವರಂಧಾ ಘಟ್ಟ ಹತ್ತಿ ಭೋರ್.

ಆಂಬೇನಳಿ ಅಂದರೆ ತಮಾಷೆಯಲ್ಲ. 1,300 ಮೀಟರ್‌ಗಿಂತ ಎತ್ತರದ ಮಹಾಬಳೇಶ್ವರದಿಂದ ಸುಮಾರು 40 ಕಿ.ಮೀ.ಯಲ್ಲಿ ಕೊಂಕಣದ ತಗ್ಗಿಗೆ ಇಳಿಯುತ್ತೀರಿ. ನಡುವೆ ಪ್ರತಾಪಗಡ ಕೋಟೆಗೆ ಹೋಗುವ ಕವಲು. 1659ರಲ್ಲಿ ನಮ್ಮ ವಿಜಯಪುರದ ಆದಿಲ್‌ಶಾಹಿಯ ಸೇನಾನಿ ಅಫ್ಜಲ್ ಖಾನ್ ದೊಡ್ಡ ದಂಡು ಕಟ್ಟಿಕೊಂಡು ಬಂದದ್ದು ಇದೇ ಜಾವಳಿ ಕಾಡಿಗೆ. ಬಯಲುಸೀಮೆಯ ಸೈನ್ಯವನ್ನು ಶಿವಾಜಿ ಇಲ್ಲಿಗೇ ಏಕೆ ಕರೆಸಿಕೊಂಡ ಅನ್ನುವುದು ನಾಲ್ಕು ತಿರುವು ಇಳಿದರೆ ಗೊತ್ತಾಗುತ್ತದೆ. ವರಂಧಾ ಇನ್ನೂ ಕಿರಿದು. ನೀರಾ ದೇವಘರ್ ಅಣೆಕಟ್ಟಿನ ದಂಡೆಯಲ್ಲಿ ತಿರುವಿನ ಮೇಲೆ ತಿರುವು. ನೆತ್ತಿಯಲ್ಲಿ ಭಜಿ, ಚಹಾದ ಟಪರಿಗಳು, ಅವುಗಳ ಮುಂದೆ ಕೋತಿಗಳು. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಗಾಡಿ ನಿಲ್ಲಿಸಬೇಡಿ.

ಈ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವ ಶೂರರಿದ್ದಾರೆ. ಮುಗಿಯುತ್ತದೆ, ನಿಜ. ಆದರೆ ವರಂಧಾ ಹತ್ತುವ ಹೊತ್ತಿಗೆ ಕತ್ತಲು, ಭುಜದಲ್ಲಿ ನೋವು, ಕಣ್ಣಲ್ಲಿ ಧೂಳು. ದಿನಕ್ಕೊಂದು ದೊಡ್ಡ ಘಟ್ಟ, ಹೆಚ್ಚೆಂದರೆ ಎರಡು, ಅದಕ್ಕಿಂತ ಬೇಡ. ಪೌಷ ಹುಣ್ಣಿಮೆಯ ಆಸುಪಾಸು ಮಾಂಢರದೇವಿ ಜಾತ್ರೆ ಇರುತ್ತದೆ, ಆಗ ಆ ದಾರಿ ಬಿಟ್ಟು ಹೆದ್ದಾರಿಯಲ್ಲೇ ವಾಯಿಗೆ ಹೋಗಿ.

ಊರಿಗೆ ಹೋಗುವಾಗ ಹೆದ್ದಾರಿ ಬೇಸರ ಅನ್ನುವವರಿಗೆ ಒಂದು ಮಾತು. ಬೆಳಗಾವಿಯವರೆಗೆ ಹೆದ್ದಾರಿಯಲ್ಲೇ ಹೋಗಿ. ಅಲ್ಲಿಂದ ಚೋರ್ಲಾ ಘಟ್ಟದಲ್ಲಿ ಗೋವಾಕ್ಕೆ ಇಳಿದು, ಸಾವಂತವಾಡಿ ಮೇಲೆ ಆಂಬೋಲಿ ಹತ್ತಿ ಬೆಳಗಾವಿಗೆ ಬನ್ನಿ. ಅದು ಬೇರೆ ರಜೆಗೆ ಇಟ್ಟುಕೊಳ್ಳಿ.

3. ಕಾಗದ ಪತ್ರ

ಲೈಸೆನ್ಸ್, ಆರ್‌ಸಿ, ವಿಮೆ, ಪಿಯುಸಿ ಅಂದರೆ ಹೊಗೆ ತಪಾಸಣೆಯ ಪ್ರಮಾಣಪತ್ರ. ನಾಲ್ಕೂ ಡಿಜಿಲಾಕರ್‌ನಲ್ಲಿ ಇರಲಿ. ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೆ ಜೆರಾಕ್ಸ್ ಕೂಡ ಸೀಟಿನ ಕೆಳಗೆ ಇಡಿ.

ನಮ್ಮವರು ಎಡವುವ ಜಾಗ ಕೆ.ಎ. ನಂಬರ್ ಪ್ಲೇಟ್. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಲ್ಲಿನ ನೋಂದಣಿ ಮಾಡಿಸಬೇಕು. ಅದಕ್ಕೆ ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಬೇಕು. "ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಹೋಗ್ತೀನಿ" ಅಂತ ಐದು ವರ್ಷ ತಳ್ಳಿದವರು ನನಗೆ ಗೊತ್ತು, ನಾನೂ ಅವರಲ್ಲಿ ಒಬ್ಬ. ಈಗಷ್ಟೇ ಬಂದಿದ್ದರೆ ಮನೆ ಬಾಡಿಗೆ ಕರಾರನ್ನು ಜೊತೆಗಿಡಿ, ಯಾವಾಗ ಬಂದಿರಿ ಎಂದು ತೋರಿಸಲು ಉಪಯೋಗಕ್ಕೆ ಬರುತ್ತದೆ.

4. ಗಾಡಿ ನೋಡಿಕೊಳ್ಳಿ

ಹೊರಡುವ ಹಿಂದಿನ ಸಂಜೆ ಅರ್ಧ ಗಂಟೆ ಸಾಕು. ಘಟ್ಟಕ್ಕೆ ದೊಡ್ಡ ಬೈಕೇ ಬೇಕೆಂದಿಲ್ಲ, 100 ಸಿ.ಸಿ. ಗಾಡಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ದಿನಾ ವರಂಧಾ ಓಡಾಡುವವರಿದ್ದಾರೆ. ಟೈರು, ಬ್ರೇಕು, ಚೈನು ಸರಿ ಇರಬೇಕು, ಅಷ್ಟೇ.

ಟೈರಿನ ಬದಿಯಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುತ್ತದೆ. ಅದರ ನೇರಕ್ಕೆ ಟೈರಿನ ಕಾಲುವೆಯೊಳಗೆ ಒಂದು ಪುಟ್ಟ ದಿಬ್ಬ ಕಾಣುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಹೊಸ ಟೈರು ಹಾಕಿಸುವವರೆಗೆ ಘಟ್ಟ ಬೇಡ. ನಗರದಲ್ಲಿ ಓಡಿದ ಟೈರು ನಡುವೆ ಚಪ್ಪಟೆಯಾಗಿರುತ್ತದೆ, ಗಾಡಿ ಬಾಗಿಸಿದಾಗ ಒಮ್ಮೆಲೇ ವಾಲಿದಂತೆ ಆಗುತ್ತದೆ. ಇದನ್ನು ಮೊದಲ ನಾಲ್ಕು ತಿರುವಿನಲ್ಲೇ ಗಮನಿಸಿ. ಗಾಳಿಯನ್ನು ಕಂಪನಿ ಹೇಳಿದಷ್ಟೇ ಹಾಕಿಸಿ, ಟೈರು ತಣ್ಣಗಿರುವಾಗ. ಹಿಂದೆ ಜನ ಕೂರುವುದಾದರೆ ಎಷ್ಟು ಎಂದು ಗಾಡಿಗೆ ಅಂಟಿಸಿದ ಕಂಪನಿಯ ಚೀಟಿಯಲ್ಲಿ ಬರೆದಿರುತ್ತದೆ. ಪಂಪಿನ ಹುಡುಗ "35-35" ಅಂತ ಎಲ್ಲರಿಗೂ ಒಂದೇ ಹಾಕುತ್ತಾನೆ, ಅವನ ಮಾತು ಕೇಳಬೇಡಿ.

ಬ್ರೇಕ್ ಪ್ಯಾಡ್ ತೆಳುವಾಗಿದ್ದರೆ ಬದಲಿಸಿ. ಡಿಸ್ಕ್ ಬ್ರೇಕಿನ ಎಣ್ಣೆ ಎರಡು ವರ್ಷದಿಂದ ಬದಲಾಗಿಲ್ಲದಿದ್ದರೆ ಅದನ್ನೂ ಬದಲಿಸಿ. ಹಳೆ ಎಣ್ಣೆ ನೀರು ಹೀರಿಕೊಂಡಿರುತ್ತದೆ, ಬಿಸಿಯಾದರೆ ಗುಳ್ಳೆ ಏಳುತ್ತದೆ, ಲಿವರ್ ಹಿಡಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಚೈನ್ ಸಡಿಲ ಇದ್ದರೆ ಬಿಗಿ ಮಾಡಿಸಿ, ಎಣ್ಣೆ ಹಾಕಿ. ಆದರೆ ಹೊರಡುವ ಬೆಳಿಗ್ಗೆ ಹಾಕಬೇಡಿ, ಟೈರಿಗೆ ಸಿಡಿಯುತ್ತದೆ. ಹಿಂದಿನ ರಾತ್ರಿ ಹಾಕಿ.

ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಕಿಟ್ ಮತ್ತು ಚಿಕ್ಕ ಗಾಳಿ ಪಂಪು ಒಯ್ಯಿರಿ. ತಂತಿ ಚಕ್ರದ ಟ್ಯೂಬ್ ಟೈರಾದರೆ ಒಂದು ಹೆಚ್ಚುವರಿ ಟ್ಯೂಬು. ಪಂಕ್ಚರ್ ಅಂಗಡಿಯವನ ಬಳಿ ನಿಮ್ಮ ಅಳತೆಯದು ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಪೆಟ್ರೋಲ್: ತಾಮ್ಹಿಣಿಗಾದರೆ ಪಿರಂಗುಟ್ ಅಥವಾ ಪೌಡ್‌ನಲ್ಲಿ, ವರಂಧಾಕ್ಕಾದರೆ ಭೋರ್ ಅಥವಾ ಮಹಾಡ್‌ನಲ್ಲಿ ತುಂಬಿಸಿಕೊಳ್ಳಿ. ನಡುವೆ ಸಿಗುತ್ತದೆ ಅಂತ ಹೋಗಬೇಡಿ. ವಿದ್ಯುತ್ ಸ್ಕೂಟರ್‌ನವರು ಕಂಪನಿ ಹೇಳಿದ ದೂರದ ಅರ್ಧವನ್ನೇ ಲೆಕ್ಕಕ್ಕೆ ಹಿಡಿದು ಬೋಪದೇವ್ ಸುತ್ತಿನಲ್ಲಿ ಮೊದಲು ನೋಡಲಿ.

5. ಮೈಮೇಲೆ ಏನು

ಐಎಸ್‌ಐ ಗುರುತಿನ, ಗಲ್ಲ ಮುಚ್ಚುವ ಹೆಲ್ಮೆಟ್. ಹಿಂದೆ ಕೂತವರಿಗೂ. ಕೈಗವಸು, ಹಿಮ್ಮಡಿ ಗಂಟು ಮುಚ್ಚುವ ಬೂಟು, ಜಾಕೆಟ್. ಮಳೆಕೋಟು ಎರಡು ತುಂಡಿನದಿರಲಿ. ಉದ್ದ ನಿಲುವಂಗಿಯಂಥದು ಗಾಳಿಗೆ ಪಟದ ಹಾಗೆ ಹಾರುತ್ತದೆ, ಚೈನಿಗೂ ಸಿಕ್ಕಿಕೊಳ್ಳುತ್ತದೆ. ಕಪ್ಪು ಗಾಜಿನ ವೈಸರ್ ಬೇಡ, ಮರದ ನೆರಳಲ್ಲಿ ಗುಂಡಿ ಕಾಣುವುದಿಲ್ಲ.

6. ಊರು ಬಿಡುವುದು

ಬೆಳಿಗ್ಗೆ ಐದೂವರೆ. ಆರು ಅಂದರೂ ಆರೂವರೆ ಆಗುತ್ತದೆ, ಅದಕ್ಕೇ ಐದೂವರೆ ಅನ್ನುತ್ತಿದ್ದೇನೆ. ಘಟ್ಟದ ಬಾಯಲ್ಲಿ ಏಳೂವರೆಗೆ ಇರಬೇಕು, ಮಧ್ಯಾಹ್ನ ಎರಡಕ್ಕೆ ಕೊನೆಯ ಘಟ್ಟದಿಂದ ಹೊರಗೆ ಬಂದಿರಬೇಕು. ಶನಿವಾರ ಭಾನುವಾರಕ್ಕಿಂತ ಮೇಲು, ವಾರದ ದಿನ ಶನಿವಾರಕ್ಕಿಂತ ಮೇಲು.

ನಕಾಶೆಯಲ್ಲಿ ಬೈಕಿನ ಗುರುತು ಆರಿಸಿಕೊಳ್ಳಿ, ಕಾರಿನದಲ್ಲ. ಕಾರಿನದಿದ್ದರೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ಕರೆದೊಯ್ದೀತು. ಅಲ್ಲಿ ದ್ವಿಚಕ್ರಕ್ಕೆ ಪ್ರವೇಶ ಇಲ್ಲ, ಲೋಣಾವಳಕ್ಕೆ ಹಳೆ ಹೆದ್ದಾರಿಯೇ ಗತಿ. ದಾರಿಯ ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. "ನಾಲ್ಕು ನಿಮಿಷ ಉಳಿತಾಯ" ಅಂತ ತೋರಿಸುವ ಕಿರುದಾರಿಯನ್ನು ಒಪ್ಪಬೇಡಿ. ಅದು ಯಾರದೋ ಗದ್ದೆಯ ಬದುವಿನಲ್ಲಿ ಮುಗಿಯುತ್ತದೆ.

ಚಾಂದನಿ ಚೌಕದ ಹಳೆ ಸೇತುವೆಯನ್ನು 2022ರ ಅಕ್ಟೋಬರ್ 2ರಂದು ಕೆಡವಿದ ಮೇಲೆ ಕವಲು ರಸ್ತೆಗಳು ಜಾಸ್ತಿಯಾಗಿವೆ. ತಪ್ಪು ಕವಲು ಹಿಡಿದರೆ ಗಾಬರಿಯಾಗಿ ಹಿಂದಕ್ಕೆ ಬರಬೇಡಿ, ಮುಂದೆ ಹೋಗಿ ತಿರುಗಿ. ಸಾತಾರಾ ಕಡೆಯಿಂದ ವಾಪಸ್ ಬರುವಾಗ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಇಡೀ ದಿನದ ಅತಿ ಕೆಟ್ಟ ಜಾಗ. ಬ್ರೇಕ್ ಸೋತ ಲಾರಿಗಳು ಎಷ್ಟೋ ಸಲ ಅಲ್ಲಿ ಸಾಲು ಗಾಡಿಗಳ ಮೇಲೆ ಹರಿದಿವೆ. ನಾನು ಹಳೆ ಕಾತ್ರಜ್ ಘಟ್ಟದ ಮೇಲೇ ಬರುತ್ತೇನೆ.

7. ತಿರುವಿನಲ್ಲಿ

ಎಲ್ಲರೂ ಗಾಡಿ ಎಷ್ಟು ಬಾಗಿಸಬೇಕು ಅಂತ ಕೇಳುತ್ತಾರೆ. ಬಾಗಿಸುವುದನ್ನು ಬಿಡಿ. ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಲು ಆಗುವ ವೇಗ ನಿಮ್ಮ ವೇಗ. ಕುರುಡು ತಿರುವಿನಲ್ಲಿ 15 ಮೀಟರ್ ಕಂಡರೆ 15 ಮೀಟರ್‌ನಲ್ಲಿ ನಿಲ್ಲಬೇಕು. ಆಚೆ ಎಮ್ಮೆ ಮಲಗಿರುತ್ತದೆ, ಇಲ್ಲವೇ ಒಬ್ಬ ಸೆಲ್ಫಿ ತೆಗೆಯುತ್ತಿರುತ್ತಾನೆ.

ಬ್ರೇಕ್, ಗೇರ್ ಎಲ್ಲ ತಿರುವಿಗೆ ಮುಂಚೆ ಮುಗಿಯಲಿ. ತಿರುವಿನೊಳಗೆ ಆಕ್ಸಿಲರೇಟರ್ ಸ್ವಲ್ಪ ಹಿಡಿದಿರಲಿ. ಬಾಗಿರುವ ಗಾಡಿಯ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಚಕ್ರ ಜಾರುತ್ತದೆ. ಎಬಿಎಸ್, ಅಂದರೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ನೇರ ರಸ್ತೆಯಲ್ಲಿ ಕಾಪಾಡುತ್ತದೆ. ಬಾಗಿದಾಗ ಅದರ ಮೇಲೆ ಭಾರ ಹಾಕಬೇಡಿ.

ಕಣ್ಣು ತಿರುವಿನ ಕೊನೆಯ ಮೇಲಿರಲಿ. ಎದುರು ಬಂದ ಗುಂಡಿಯನ್ನೋ ತಡೆಗೋಡೆಯನ್ನೋ ದಿಟ್ಟಿಸಿದರೆ ಗಾಡಿ ನೇರ ಅದಕ್ಕೇ ಹೋಗುತ್ತದೆ. ಇದು ಹೆದರಿಕೆಯ ಗುಣ. ತಲೆ ತಿರುಗಿಸಿ ದಾರಿ ನೋಡುವುದನ್ನು ಬೋಪದೇವ್‌ನಲ್ಲೇ ರೂಢಿ ಮಾಡಿಕೊಳ್ಳಿ.

ಬಲ ತಿರುವಿನಲ್ಲಿ ನಿಮ್ಮ ಎಡಕ್ಕೇ ಅಂಟಿಕೊಂಡು ಹೋಗಿ, ದೂರ ಕಾಣುತ್ತದೆ, ಎದುರಿನವರಿಗೂ ಜಾಗ ಉಳಿಯುತ್ತದೆ. ಎಡ ತಿರುವಿನಲ್ಲಿ ತೀರಾ ಅಂಚಿಗೆ ಹೋಗಬೇಡಿ, ಜಲ್ಲಿ, ಮರಳು, ಕೊಳೆತ ಎಲೆ ಎಲ್ಲ ಕೂರುವುದು ಅಲ್ಲೇ. ನಡುಗೆರೆಯ ಹತ್ತಿರಕ್ಕೂ ಹೋಗಬೇಡಿ. ನಿಮ್ಮ ಪಟ್ಟಿಯ ನಡುವೆ ಇರಿ.

ಹೇರ್‌ಪಿನ್, ಅಂದರೆ ರಸ್ತೆ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುವ ತಿರುವು. ಅಲ್ಲಿ ಎಸ್‌.ಟಿ., ಅಂದರೆ ಮಹಾರಾಷ್ಟ್ರದ ಸರ್ಕಾರಿ ಸಾರಿಗೆ ಬಸ್ ಎದುರು ಬಂದರೆ ತಿರುವಿಗೆ ಮುಂಚೆಯೇ ನಿಂತುಬಿಡಿ. ಬಸ್ಸಿನ ಮೂತಿ ಹೊರ ಅಂಚಿಗೆ ಹೋಗುತ್ತದೆ, ಹಿಂಭಾಗ ಒಳಕ್ಕೆ ಉಜ್ಜುತ್ತಾ ಬರುತ್ತದೆ. ಇಡೀ ರಸ್ತೆ ಅದಕ್ಕೆ ಬೇಕು. ಈ ಕೆಂಪು ಬಸ್ಸಿನ ಚಾಲಕರು ದಿನಾ ಓಡಿಸುವವರು, ಹಾರನ್ ಹೊಡೆದೇ ಬರುತ್ತಾರೆ. ನೀವೂ ಪ್ರತಿ ಕುರುಡು ತಿರುವಿನಲ್ಲಿ ಹಾರನ್ ಹೊಡೆಯಿರಿ. ರಸ್ತೆ ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವವರು ನಿಂತು ಬಿಡಬೇಕು. ನಿಯಮವೂ ಅದೇ.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಇದನ್ನೇ ಎಂಜಿನ್ ಬ್ರೇಕಿಂಗ್ ಅನ್ನುವುದು. ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡಿ ಇಳಿಯುವವರಿದ್ದಾರೆ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ, ಆಮೇಲೆ ಬ್ರೇಕ್ ಮೆತ್ತಗೆ. ಹಾಗಾದರೆ ನಿಲ್ಲಿಸಿ 20 ನಿಮಿಷ ತಣಿಯಲು ಬಿಡಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ. ಸ್ಕೂಟರಿನಲ್ಲಿ ಎಂಜಿನ್ ಬ್ರೇಕಿಂಗ್ ಕಡಿಮೆ, ವೇಗ ತೀರಾ ಇಳಿದರೆ ಅದೂ ಬಿಟ್ಟುಹೋಗುತ್ತದೆ. ಹಾಗಾಗಿ ಸ್ಕೂಟರಿನವರು ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು, ನಡುವೆ ಒಂದೆರಡು ಕಡೆ ನಿಲ್ಲಬೇಕು.

ಒದ್ದೆ ರಸ್ತೆಯಲ್ಲಿ ಬಿಳಿ ಪಟ್ಟೆ, ಪಾಚಿ ಕಟ್ಟಿದ ಸಿಮೆಂಟು, ಡೀಸೆಲ್‌ನ ಕಾಮನಬಿಲ್ಲು ಮೂರನ್ನೂ ತಪ್ಪಿಸಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದು ನೆಲ ಕಾಣದಿದ್ದರೆ ವಾಪಸ್ ಬನ್ನಿ. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿ ನದಿಯ ಹಳೆ ಸೇತುವೆ ಕುಸಿದು ಎರಡು ಎಸ್‌.ಟಿ. ಬಸ್ಸು ಕೊಚ್ಚಿಹೋದವು. ಆ ನೀರಿನ ಮುಂದೆ ಬೈಕ್ ಎಷ್ಟರದು? ಮಂಜಿನಲ್ಲಿ ಲೋ ಬೀಮ್ ಹಾಕಿ, ಹೈ ಬೀಮ್ ಹಾಕಿದರೆ ಎದುರು ಬರೀ ಬಿಳಿ ಗೋಡೆ. ಹಜಾರ್ಡ್ ದೀಪ ಮಿನುಗಿಸುತ್ತಾ ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಹಿಂದಿನವರಿಗೆ ತಿಳಿಯುವುದಿಲ್ಲ.

ಗುಂಪಿನಲ್ಲಿ ಹೋಗುವುದಾದರೆ ಐದು ಗಾಡಿ ಸಾಕು. ಹೊಸಬರು ಎರಡನೆಯವರಾಗಿರಲಿ, ಅನುಭವಿ ಕೊನೆಯಲ್ಲಿ. ಮುಂದಿನವರನ್ನು ಹಿಡಿಯಲು ಹೋಗಿಯೇ ಜಾಸ್ತಿ ಜನ ಬೀಳುವುದು. ಪ್ರತಿ ಕ್ರಾಸಿನಲ್ಲಿ ಕಾಯುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ.

8. ನಾಲ್ಕು ಮರಾಠಿ ಮಾತು

ಫಾಟಾ ಅಂದರೆ ನಮ್ಮ ಕಡೆಯ ಕ್ರಾಸ್, ರಸ್ತೆ ಕವಲೊಡೆಯುವ ಜಾಗ. ಖಿಂಡ್ ಅಂದರೆ ಎರಡು ಗುಡ್ಡದ ನಡುವಿನ ಸಂದು. ನಮ್ಮ ಕಿಂಡಿ ನೆನಪಿಸಿಕೊಳ್ಳಿ, ಮರೆಯುವುದಿಲ್ಲ. ಬೋರ್ಡಿನಲ್ಲಿ "ಧೋಕಾದಾಯಕ್ ವಳಣ್" ಅಂದರೆ ಅಪಾಯದ ತಿರುವು, "ದರಡ್" ಇದ್ದರೆ ಗುಡ್ಡ ಕುಸಿಯುವ ಜಾಗ, ಅಲ್ಲಿ ಫೋಟೊಕ್ಕೆ ನಿಲ್ಲಬೇಡಿ. "ಗತಿರೋಧಕ್" ಅಂದರೆ ಹಂಪ್. "ಪರ್ಯಾಯೀ ಮಾರ್ಗ" ಬದಲಿ ದಾರಿ, "ಕಾಮ್ ಚಾಲೂ ಆಹೇ" ಅಂದರೆ ಕೆಲಸ ನಡೆಯುತ್ತಿದೆ.

ದಾರಿ ಕೇಳುವಾಗ ಹುಡುಗರಿಗೆ ದಾದಾ, ಹಿರಿಯರಿಗೆ ಕಾಕಾ, ಹೆಂಗಸರಿಗೆ ತಾಈ (ಅಕ್ಕ) ಅಥವಾ ಮಾವಶಿ (ಚಿಕ್ಕಮ್ಮ). "ಗಾಡಿ ಜಾತೇ ಕಾ?", ಗಾಡಿ ಹೋಗುತ್ತದಾ ಅಂತ ಕೇಳಿದರೆ ಎಲ್ಲರೂ "ಜಾತೇ ಕೀ!" ಅನ್ನುತ್ತಾರೆ. ಅವರ ಗಾಡಿ ಹೋಗುತ್ತದೆ, ನಿಜ. "ಡಾಂಬರ್ ಆಹೇ ಕಾ?", ಡಾಂಬರು ಇದೆಯಾ ಅಂತ ಕೇಳಿ. ಉತ್ತರ ಬದಲಾಗುತ್ತದೆ. ಚಹಾದ ಟಪರಿಯವರಿಗಿಂತ ಎಸ್‌.ಟಿ. ಚಾಲಕರ ಮಾತು ನಂಬಿ. ಊಟಕ್ಕೆ ಪಿಠಲ-ಭಾಕರಿ ಕೇಳಿ, ನಮ್ಮ ಝುಣಕ-ರೊಟ್ಟಿಯ ಅಣ್ಣನೋ ತಮ್ಮನೋ. ಹೊಟ್ಟೆ ಬಿರಿಯ ತಿಂದರೆ ಇಳಿಜಾರಿನಲ್ಲಿ ನಿದ್ದೆ ತೂಗುತ್ತದೆ, ಅರ್ಧ ಹೊಟ್ಟೆ ತಿನ್ನಿ.

9. ಕೆಟ್ಟರೆ, ಬಿದ್ದರೆ

ಗಾಡಿ ಕೆಟ್ಟರೆ ತಿರುವಿನಿಂದ ದೂರ, ನೇರ ಭಾಗಕ್ಕೆ ತಳ್ಳಿ ನಿಲ್ಲಿಸಿ. ಹಿಂದೆ 30 ಹೆಜ್ಜೆ ದೂರದಲ್ಲಿ ಸೊಪ್ಪಿನ ಕೊಂಬೆ ಇಡಿ, ಈ ಭಾಷೆ ಎಲ್ಲ ಚಾಲಕರಿಗೂ ಅರ್ಥವಾಗುತ್ತದೆ. ಹೊರಡುವಾಗ ತೆಗೆದುಹಾಕಿ. ನೆಟ್‌ವರ್ಕ್ ಇಲ್ಲದಿದ್ದರೆ ಹಾದುಹೋಗುವ ಬಸ್ಸಿನವರಿಗೆ ಹೇಳಿಕಳಿಸಿ.

ಯಾರಾದರೂ ಬಿದ್ದರೆ ಮೊದಲು ಎದುರಿನಿಂದ, ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಿರಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಎಬ್ಬಿಸಿ ಕೂರಿಸಿ ನೀರು ಕುಡಿಸುವ ಆತುರವೂ ಬೇಡ. ಆಂಬುಲೆನ್ಸ್‌ಗೆ 108, ಪೊಲೀಸ್ ಸೇರಿ ಎಲ್ಲಕ್ಕೂ 112. ಎಲ್ಲಿದ್ದೀರಿ ಎಂದು ಹೇಳಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡಿ. "ತಾಮ್ಹಿಣಿ ಘಟ್ಟದಲ್ಲಿ" ಅಂದರೆ ಅವರು ಹುಡುಕುತ್ತಲೇ ಇರುತ್ತಾರೆ. ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಕೇಸಿನ ಹೆದರಿಕೆಯಿಂದ ಬಿಟ್ಟು ಹೋಗಬೇಡಿ.

ಮನೆಗೆ ಬಂದ ಮೇಲೆ ಗಾಡಿ ತಣಿಯಲು ಬಿಟ್ಟು ಚೈನ್ ತೊಳೆದು ಎಣ್ಣೆ ಹಾಕಿ. ಮಳೆಯಲ್ಲಿ ಹೋಗಿದ್ದರೆ ಅವತ್ತೇ ಹಾಕಿ, ಮರುದಿನಕ್ಕೆ ತುಕ್ಕು ಹಿಡಿದಿರುತ್ತದೆ. ಬ್ರೇಕ್ ಪ್ಯಾಡನ್ನು ಇನ್ನೊಮ್ಮೆ ನೋಡಿ. ಒಂದು ವರಂಧಾ ಇಳಿತ ಎಷ್ಟು ತಿಂದಿದೆ ಅಂತ ಗೊತ್ತಾದರೆ ಮುಂದಿನ ಸಲ ಯಾವ ಗೇರಿನಲ್ಲಿ ಇಳಿಯಬೇಕು ಅನ್ನುವುದೂ ಗೊತ್ತಾಗುತ್ತದೆ.